ಮಾರ್ಗರೆಟಮ್ಮ ಎಂಬವರು ಇಲ್ಲ

ಮಾರ್ಗರೆಟ್ ಎಂಬ ಹೆಂಗಸು ಇಲ್ಲ. ಎಂದೂ ಇರಲಿಲ್ಲ. ನನ್ನ ಅಕ್ಕನಿಂದ ಕದ್ದದ್ದನ್ನು ಮುಚ್ಚಿಡಲು ನಾನೇ ಅವಳನ್ನು ಹುಟ್ಟಿಸಿದೆ, ವರ್ಷಗಟ್ಟಲೆ ಸಾಕಿದೆ. ಇದನ್ನೆಲ್ಲ ಅಕ್ಕನಿಗೆ ಹೇಳಿಯಾಗಿದೆ. ಬರೆಯುತ್ತೇನೆ ಎಂದು ಆಗಲೇ ಹೇಳಿದಾಗ, ಹೆಸರು ಹಾಕಬೇಡ ಎಂದಷ್ಟೇ ಅಂದಳು. ಹಾಕುವುದಿಲ್ಲ.

ನಾನು ನಟಿ. ಹುಟ್ಟಿದ್ದು ಕಳಸದಲ್ಲಿ, ಅಪ್ಪನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿಯಿತ್ತು. ಈಗಿರುವುದು ಲಂಡನ್ನಿನಲ್ಲಿ. ಅಲ್ಲಿನ ಸಿನಿಮಾಗಳಲ್ಲಿ ನರ್ಸಾಗಿ, ಔಷಧಿ ಅಂಗಡಿಯವಳಾಗಿ, ಯಾರದೋ ತಾಯಿಯಾಗಿ ಕಾಣಿಸಿಕೊಂಡಿದ್ದೇನೆ. ಆದರೆ ನನಗೆ ಹೆಸರು ತಂದದ್ದು ಸಿನಿಮಾ ಅಲ್ಲ, ಒಂದು ನಾಟಕ. ವೇದಿಕೆಯ ಮೇಲೆ ನಾನೊಬ್ಬಳೇ. ಮುಚ್ಚಿಹೋದ ಗಣಿ ಊರಿನ ಹೆಂಗಸೊಬ್ಬಳು ತನ್ನ ಹೆರಿಗೆಯ ದಿನವನ್ನು ನೆನೆಯುವ ನಾಟಕ. ಬರೆದವಳೂ ನಾನೇ ಎಂದು ಹೋದಲ್ಲೆಲ್ಲ ಹೇಳಿಕೊಂಡೆ. ಕಲ್ಪನೆ ಎಂದೆ. ಕಲ್ಪನೆ —

ಅಕ್ಕ ಮದುವೆಯಾಗಿ ಹೋದದ್ದು ಕುದುರೆಮುಖಕ್ಕೆ. ಭಾವ ಅಲ್ಲಿನ ಗಣಿಯಲ್ಲಿ ಫಿಟ್ಟರ್ ಆಗಿದ್ದರು. ಗಣಿ ನಿಂತ ಮೇಲೆ ಕ್ವಾರ್ಟರ್ಸು ಸಾಲು ಸಾಲಾಗಿ ಖಾಲಿಯಾಗುತ್ತ ಬಂತು. ಅಕ್ಕಪಕ್ಕದ ಮನೆಗಳಿಗೆಲ್ಲ ಬೀಗ, ಮಾತಾಡಿಸಲು ಒಬ್ಬರಿಲ್ಲ. ಕೆಲಸ ಕಳೆದುಕೊಂಡ ಭಾವ ದಿನವಿಡೀ ಮನೆಯಲ್ಲಿ. ಮಾತು ಮಾತಿಗೂ ಸಿಡುಕು, ಕೆಲವು ಸಲ ಕೈಯೂ ಮುಂದಾಗುತ್ತಿತ್ತು. ತವರಿಗೆ ಬಂದುಬಿಡೋಣ ಎಂದು ಅಕ್ಕ ಬಟ್ಟೆ ಜೋಡಿಸಿಟ್ಟಿದ್ದಳು. ಅಷ್ಟರಲ್ಲಿ ಬಸುರಿ ಎಂದು ಗೊತ್ತಾಯಿತು. ಉಳಿದಳು. ದಿನ ತುಂಬುವ ಮೊದಲೇ ನೋವು ಶುರುವಾಗಿ, ಜೀಪಿನಲ್ಲಿ ಘಟ್ಟ ಇಳಿಯುವಾಗಲೇ ಹೆರಿಗೆಯಾಯಿತು. ಮಗು ಉಸಿರಾಡಲಿಲ್ಲ.

ಇಷ್ಟು ಮನೆಯ ಹಿರಿಯರಿಗೆಲ್ಲ ಗೊತ್ತು. ಉಳಿದದ್ದನ್ನು ಅಕ್ಕ ಹೇಳಿದ್ದು ನನಗೊಬ್ಬಳಿಗೇ — ನಾನು ನಟನೆ ಕಲಿಯಲು ಲಂಡನ್ನಿಗೆ ಹೊರಡುವ ಮುಂಚೆ ಒಂದು ಮಧ್ಯಾಹ್ನ, ಹಿತ್ತಿಲ ಮೆಟ್ಟಿಲ ಮೇಲೆ ಕೂತು ನನ್ನ ತಲೆ ಬಾಚುತ್ತ.

"ಇವರು ಮುಂದಿನ ಸೀಟಲ್ಲಿ ಕೂತು ಅಳ್ತಿದ್ರು ಕಣೇ. ನಂಗೆ ಅಳು ಬರ್ಲಿಲ್ಲ. ಸದ್ಯ, ಅನ್ನಿಸ್ತು. ಸದ್ಯ, ಇನ್ನು ಈ ಮನೆ ಬಿಟ್ಟು ಹೋಗ್ಬಹುದು ಅಂತ. ಎಂಥ ತಾಯಿ ನಾನು? ಯಾರ ಹತ್ರನೂ ಹೇಳ್ಬೇಡ ಮಾರಾಯ್ತಿ."

"ಇಲ್ಲಕ್ಕ" ಎಂದೆ.

ಅವಳು ಬಿಟ್ಟು ಹೋಗಲೂ ಇಲ್ಲ. ಭಾವ ಬದಲಾದರೋ, ದಣಿದರೋ — ಸಂಸೆಯಲ್ಲಿ ಒಂದಿಷ್ಟು ಕಾಫಿ ತೋಟ ಮಾಡಿಕೊಂಡರು. ಮಗಳು ಹುಟ್ಟಿದಳು.

ಲಂಡನ್ನಿನ ನಾಟಕ ಶಾಲೆಯಲ್ಲಿ, ನಿಮ್ಮೊಳಗಿನ ನಿಜದಿಂದ ಒಂದು ಏಕಪಾತ್ರ ಕಟ್ಟಿ ತನ್ನಿ ಎಂದರು. ನನ್ನ ಬದುಕನ್ನು ತಡಕಾಡಿದೆ. ಅಲ್ಲಿ ನೋಡುವವರ ಉಸಿರು ಹಿಡಿಯುವಂಥದ್ದು ಏನೂ ಇರಲಿಲ್ಲ. ಅಕ್ಕನದಿತ್ತು. ಊರಿನ ಹೆಸರು ತೆಗೆದೆ, ಜೀಪನ್ನು ವ್ಯಾನು ಮಾಡಿದೆ. ಉಳಿದದ್ದೆಲ್ಲ ಅವಳದೇ. ಇಂಗ್ಲಿಷಿನ ನಡುವೆ ಆ ಒಂದು ಪದವನ್ನು ಮಾತ್ರ ಕನ್ನಡದಲ್ಲೇ ಉಳಿಸಿಕೊಂಡೆ — ಸದ್ಯ. ಹೇಳಿ ಮುಗಿಸಿದಾಗ ಕೋಣೆಯಲ್ಲಿ ಯಾರೂ ಅಲುಗಾಡಲಿಲ್ಲ. ಏನು ಮಾಡುತ್ತಿದ್ದೇನೆಂದು ನನಗೆ ತಿಳಿಯಲಿಲ್ಲ ಎಂದು ಹೇಳಲಾರೆ. ಚೆನ್ನಾಗಿಯೇ ತಿಳಿದಿತ್ತು. ಸಂಸೆ ದೂರವಿದೆ ಅಂದುಕೊಂಡೆ, ಅಷ್ಟೇ. ಆಮೇಲೆ ಆ ನಾಟಕ ನನ್ನನ್ನು ಊರಿಂದ ಊರಿಗೆ, ದೇಶದಿಂದ ದೇಶಕ್ಕೆ ಕರೆದೊಯ್ದಿತು.

ಅಕ್ಕನ ಮಗಳು ಕಾಲೇಜು ಸೇರಿದ ಮೇಲೆ ಅದರದೊಂದು ತುಣುಕು ಅವಳ ಮೊಬೈಲಿಗೆ ಸಿಕ್ಕಿತು. ಚಿಕ್ಕಮ್ಮ ಎಂಬ ಹೆಮ್ಮೆಯಿಂದ ಅಮ್ಮನಿಗೆ ತೋರಿಸಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಅಕ್ಕ ಹೊರಗೆ ತೋಟಕ್ಕೆ ಬಂದು ನನಗೆ ಫೋನು ಮಾಡಿದಳು.

"ಅದು ನಂದಲ್ವಾ?"

ಬೈಯುವ ದನಿಯಲ್ಲ. ಹೌದು ಎನ್ನಬಹುದಿತ್ತು — ಎರಡಕ್ಷರ.

"ಛೆ, ಇಲ್ಲಕ್ಕ. ಇಲ್ಲೂ ಗಣಿ ಮುಚ್ಚಿರೋ ಊರುಗಳಿದಾವೆ. ಅಲ್ಲಿಯೋರು ಒಬ್ರು ಹೇಳಿದ್ದು. ಮಾರ್ಗರೆಟ್ ಅಂತ."

"ಸದ್ಯ ಅಂದ್ಯಲ್ಲ?"

"ಅವರು ಹೇಳಿದ್ದಕ್ಕೆ ನಮ್ಮಲ್ಲಿ ಸರಿಹೋಗೋ ಮಾತು ಅದೇ ತಾನೇ."

ಆ ಕಡೆಯಿಂದ ಅಕ್ಕ ಅಳುತ್ತಿರುವುದು ಕೇಳಿಸಿತು.

"ಹಂಗಾದ್ರೆ ಅವರಿಗೂ ಹಂಗೇ ಅನ್ನಿಸಿತ್ತಾ? ನಾನೊಬ್ಳೇ ಅಂದ್ಕೊಂಡಿದ್ದೆ ಕಣೇ, ಇಷ್ಟು ವರ್ಷ."

ಆ ಹೊತ್ತಿನಲ್ಲಾದರೂ ನಾನು — ಇಲ್ಲ. ನಂಬಿದಳಲ್ಲ ಎಂದು ಹಗುರಾದೆ. ಅದನ್ನೂ ಬರೆಯಲೇಬೇಕು.

ಅಂದಿನಿಂದ ಪ್ರತಿ ಸಲ ಫೋನು ಮಾಡಿದಾಗಲೂ ಅಕ್ಕ ಕೇಳುತ್ತಿದ್ದಳು: ಮಾರ್ಗರೆಟಮ್ಮ ಹೇಗಿದಾರೆ? ಅವರಿಗೆ ಆಮೇಲೆ ಮಕ್ಕಳಾದ್ವಾ? ಗಂಡ ಈಗ ಸರಿ ಇದಾರಾ? ನಾನು ಮಾರ್ಗರೆಟಮ್ಮನಿಗೆ ಒಬ್ಬ ಮಗಳನ್ನು ಕೊಟ್ಟೆ, ಮಂಡಿ ನೋವು ಕೊಟ್ಟೆ, ಮನೆಯ ಮುಂದೆ ಗುಲಾಬಿ ಗಿಡ ನೆಟ್ಟೆ. ಹೇಳಿದ ಸುಳ್ಳು ಮರೆಯದಂತೆ ಎಚ್ಚರ ವಹಿಸಿದೆ. ಊರಿಗೆ ಹೋದಾಗ ಅಕ್ಕ ಅವರಿಗೆಂದು ಮನೆಯ ಕಾಫಿಪುಡಿ ಕಟ್ಟಿಕೊಡುತ್ತಿದ್ದಳು. ಲಂಡನ್ನಿಗೆ ಮರಳಿ ಅದನ್ನು ನಾನೇ ಕುಡಿದು, ತುಂಬಾ ಇಷ್ಟಪಟ್ಟರಕ್ಕ ಎನ್ನುತ್ತಿದ್ದೆ. ಯಾವ ಪಾತ್ರವನ್ನೂ ಅಷ್ಟು ಶ್ರದ್ಧೆಯಿಂದ ಮಾಡಿದವಳಲ್ಲ ನಾನು.

ಕಳೆದ ವರ್ಷ ಅಕ್ಕ, "ಅವರತ್ರ ಒಂದ್ಸಲ ಮಾತಾಡ್ಬೇಕು ನಂಗೆ. ನೀನೇ ಮಧ್ಯೆ ಕೂತು ಕನ್ನಡದಲ್ಲಿ ಹೇಳು" ಎಂದಳು.

ನಾನು ಏನು ಮಾಡಿದೆ ಗೊತ್ತೇ? ನನ್ನೊಂದಿಗೆ ನಟಿಸಿದ್ದ ಹಿರಿಯ ನಟಿಯೊಬ್ಬರಿಗೆ ಫೋನು ಮಾಡಿ, ಒಂದು ಚಿಕ್ಕ ಕೆಲಸವಿದೆ, ಹಳ್ಳಿಯ ಹೆಂಗಸಿನಂತೆ ಸ್ವಲ್ಪ ಮಾತಾಡಬೇಕು ಎಂದೆ. ಅವರು ಒಪ್ಪಿದರು. ಪಾತ್ರಕ್ಕೆ ಸಿದ್ಧರಾಗುವವರು ಕೇಳುವಂತೆಯೇ ಕೇಳಿದರು: "ಎದುರಿಗಿರುವವರು ಯಾರು? ನನ್ನಿಂದ ಅವರಿಗೆ ಏನು ಬೇಕು?" ನನ್ನ ಅಕ್ಕ ಎಂದೆ. ಫೋನು ಇಟ್ಟುಬಿಟ್ಟೆ.

ಜನವರಿಯಲ್ಲಿ ಸಂಸೆಗೆ ಬಂದೆ. ಭಾವ ಕಳಸಕ್ಕೆ ಹೋಗಿದ್ದರು. ಅಕ್ಕ ಕಣದಲ್ಲಿ ಹರಡಿದ ಕಾಫಿಯನ್ನು ಕಾಲಿನಿಂದ ಎಳೆದು ತಿರುವುತ್ತಿದ್ದಳು.

"ಮಾರ್ಗರೆಟ್ ಇಲ್ಲಕ್ಕ" ಎಂದೆ.

ಅವಳ ಕಾಲು ನಿಂತಿತು. "ಅಯ್ಯೋ. ಯಾವಾಗ ತೀರ್ಕೊಂಡ್ರು?"

ಹೂಂ ಎಂದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಆಸೆಯಾಗಲಿಲ್ಲ ಎನ್ನಲಾರೆ. ಆದರೆ ಹೇಳಿದೆ — ಹಿತ್ತಿಲ ಮೆಟ್ಟಿಲಿನಿಂದ ಹಿಡಿದು ಆ ಹಿರಿಯ ನಟಿಯವರೆಗೆ. ಅಕ್ಕ ಕಣದ ಅಂಚಿನಲ್ಲಿ ಕೂತು ಕೇಳಿದಳು. ನನ್ನ ಮುಖ ನೋಡಲಿಲ್ಲ.

"ನಾಟ್ಕ ನೋಡ್ದೋರು ಅಳ್ತಿದ್ರಾ?"

"ಅಳ್ತಿದ್ರು."

"ಮುಗಿದ ಮೇಲೆ ನಿನ್ನ ಹತ್ರ ಬಂದು ಮಾತಾಡ್ತಿದ್ರಾ?"

"ಹೂಂ. ಕೈ ಹಿಡ್ಕೊಂಡು. ನಮಗೂ ಹಿಂಗೇ ಆಗಿತ್ತು ಅಂತಿದ್ರು ಕೆಲವರು."

"ಅವರಿಗೆ ನೀನಿದ್ದೆ" ಎಂದಳು ಅಕ್ಕ. "ನಂಗೆ ಮಾರ್ಗರೆಟಮ್ಮ ಇದ್ರು."

ಆ ನಾಟಕವನ್ನು ನಿಲ್ಲಿಸಿದ್ದೇನೆ. ಸಿನಿಮಾ ಮಾಡುತ್ತೇವೆಂದು ಬಂದವರಿಗೆ, ಅದು ನನ್ನದಲ್ಲ, ಕೊಡಲು ಬರುವುದಿಲ್ಲ ಎಂದೆ. ಇದರಿಂದ ಅಕ್ಕನಿಗೆ ಏನೂ ಹಿಂದಿರುಗಿದಂತಾಗಲಿಲ್ಲ ಎಂಬುದೂ ತಿಳಿದಿದೆ. ನಾನು ಹೊರಟ ದಿನ ಅವಳು ರಸ್ತೆಯವರೆಗೆ ಬಂದಿದ್ದಳು. ಬಸ್ಸು ತಿರುವಿನಲ್ಲಿ ಕಂಡಾಗ, "ಇನ್ಮೇಲೆ ನೀನು ಫೋನ್ ಮಾಡ್ಬೇಡ. ಮಾತಾಡ್ಬೇಕು ಅನ್ನಿಸ್ದಾಗ ನಾನೇ ಮಾಡ್ತೀನಿ" ಎಂದಳು.

ಇನ್ನೂ ಮಾಡಿಲ್ಲ. ನಾನೂ ಮಾಡುವುದಿಲ್ಲ.