ನತಾಲಿ ಬಾಯಿಯ ಒಲೆ

ಸಿದ್ಧಕಟ್ಟೆಯ ನತಾಲಿ ಬಾಯಿಗೆ ನೆರೆಮನೆಯ ಸೆರಪಿನಳ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು. ಪಾನನಿಷೇಧದ ಆ ವರ್ಷಗಳಲ್ಲಿ ಇಬ್ಬರೂ ಗುಟ್ಟಾಗಿ ಗೇರುಹಣ್ಣಿನ ಸಾರಾಯಿ ಇಳಿಸುವವರೇ. ಆದರೆ ಊರು ಹೊಗಳುತ್ತಿದ್ದದ್ದು ಸೆರಪಿನಳದ್ದನ್ನು. ಅವಳಿಗಿಂತ ಮೊದಲೇ ಮುಗಿಸಬೇಕೆಂದು ನತಾಲಿ ಒಲೆಗೆ ಸೌದೆ ತುರುಕಿ ಧಗಧಗ ಉರಿಸುತ್ತಿದ್ದಳು. ಪ್ರತಿ ವರ್ಷವೂ ಸಾರಾಯಿ ಸೀದ ವಾಸನೆ ಹೊಡೆಯುತ್ತಿತ್ತು.

ಐವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಒಂದು ದಿನ ಬೇಲಿಯಾಚೆ ಸೆರಪಿನಳ ಒಲೆಯಿಂದ ಹೊಗೆ ಎದ್ದಿತು. ಅವಳ ಕೆಲಸ ಕೆಡಲಿ ಎಂದೇ ನತಾಲಿ ಸಾರಾಯಿ ಇಳಿಯುತ್ತಿದ್ದ ತನ್ನ ಒಲೆ ಬಿಟ್ಟು ಅಲ್ಲಿಗೆ ಹೋಗಿ ಕೂತು, ಊರಿನ ಸುದ್ದಿಯನ್ನೆಲ್ಲ ಬಿಚ್ಚಿದಳು. ಸೆರಪಿನ ಒಲೆಯಿಂದ ಎರಡು ಕೊಳ್ಳಿ ಹೊರಗೆಳೆದು ಉರಿ ತಗ್ಗಿಸಿ, "ಹೇಳಿ ಬಾಯಿ, ನನಗೆ ಅವಸರ ಏನೂ ಇಲ್ಲ" ಎಂದಳು.

ನತಾಲಿ ಮರಳಿದಾಗ ತನ್ನ ಒಲೆಯಲ್ಲಿ ಬರೀ ಕೆಂಡ. ಸಾರಾಯಿ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ಮತ್ತೆ ಸೌದೆ ಹೊರುವ ಉಮೇದು ಇಲ್ಲದೆ, ಸೆರಪಿನಳನ್ನು ಬೈದುಕೊಂಡು ಹಾಗೆಯೇ ಬಿಟ್ಟಳು.

ಭಾನುವಾರ ಇಗರ್ಜಿಯಿಂದ ಬಂದ ಗಂಡ ಕೈತಾನ ಆ ಸಾರಾಯಿಯ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ.

"ಇದು ಸೆರಪಿನ ಬಾಯಿ ಕೊಟ್ಟದ್ದಲ್ವಾ? ನೀನೂ ಸ್ವಲ್ಪ ಕಲಿ ಮಾರಾಯ್ತಿ."

ನತಾಲಿ ಬಾಟಲಿ ಕಿತ್ತುಕೊಂಡು ಅಷ್ಟನ್ನೂ ಬಸಳೆಯ ಬುಡಕ್ಕೆ ಸುರಿದಳು. ಮರುವರ್ಷ ಅವಳ ಒಲೆಗೆ ಇಮ್ಮಡಿ ಸೌದೆ ಬಿತ್ತು.