ಬ್ಯಾಡಗಿಯಿಂದ ಬಾರದ ಮಿಸ್ಡ್ ಕಾಲ್

ಬೆಳಿಗ್ಗೆ ನಳದ ನೀರು ತುಂಬಿದೆ, ರೊಟ್ಟಿ ಬಡಿದೆ, ನಮ್ಮ ಯಜಮಾನರ ಅಂಗಿಗೆ ಗುಂಡಿ ಹಚ್ಚಿದೆ, ಹೆಸರುಕಾಳು ನೆನೆಹಾಕಿದೆ, ಮಧ್ಯಾಹ್ನ ಹಾವೇರಿಯಲ್ಲಿ ಹನ್ನೊಂದು ವರ್ಷದ ಹುಡುಗಿಯನ್ನು ಒಬ್ಬಳನ್ನೇ ಬ್ಯಾಡಗಿ ಬಸ್ ಹತ್ತಿಸಿದೆ. ಕೊನೆಯದೊಂದು ಮಾತ್ರ ದಿನದ ಕೆಲಸವಲ್ಲ.

ಅಗಡಿಯಲ್ಲಿ ಮಕ್ಕಳ ಕೂಟ ನಡೆಸುವುದು ನನ್ನ ಉದ್ಯೋಗ. ಕೂಟಕ್ಕೆ ಬರುವ ಈ ಹುಡುಗಿ ಅಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಾಳೆ; ತಾಯಿ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾಳೆ. ಹೋದ ವರ್ಷ ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದ ಅಜ್ಜಿ ಕುಸಿದು ತೀರಿಕೊಂಡ ಮೇಲೆ, ಹಾರ್ನ್ ಕೇಳಿದರೂ ಹುಡುಗಿಯ ಕೈ ತಣ್ಣಗಾಗುತ್ತಿತ್ತು. ತಾಯಿಯನ್ನು ನೋಡಲೂ ಹೋಗುತ್ತಿರಲಿಲ್ಲ. ಮೂರು ತಿಂಗಳು ಜೊತೆಗಿದ್ದು ರೂಢಿ ಮಾಡಿಸಿದೆ. ಮೊದಲು ನಿಲ್ದಾಣದಲ್ಲಿ ನಿಲ್ಲುವುದು, ಆಮೇಲೆ ನನ್ನ ಪಕ್ಕ ಕೂರುವುದು, ಆಮೇಲೆ ನಾನು ಹಿಂದಿನ ಸೀಟಿಗೆ ಸರಿಯುವುದು. ಅಂಜಿಕೆ ಬಂದರೆ ಒಂದೊಂದೇ ಬೆರಳು ಮಡಚಿ ಎಣಿಸುತ್ತ ಉಸಿರು ಬಿಡಬೇಕು ಎಂದು ಕಲಿಸಿದ್ದೆ.

"ಅಕ್ಕಾರ, ಲಗೂ ಇಳೀರಿ, ಬಸ್ ಬಿಡತೈತಿ," ಎಂದು ಇವತ್ತು ಅವಳೇ ನನ್ನನ್ನು ಇಳಿಸಿದಳು.

ಮಗಳು ಮುಟ್ಟಿದ ಕೂಡಲೇ ಮಿಸ್ಡ್ ಕಾಲ್ ಕೊಡುವಂತೆ ತಾಯಿಗೆ ಹೇಳಿದ್ದೆ. ಮುಕ್ಕಾಲು ತಾಸಿನ ದಾರಿ. ಹಾವೇರಿ ನಿಲ್ದಾಣದಲ್ಲೇ ಕಾದೆ; ಎರಡು ತಾಸಾದರೂ ಫೋನ್ ಸುಮ್ಮನಿತ್ತು. ನಾನು ಹಚ್ಚಿದರೆ ರಿಂಗಾಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಹೆದರಿ ನಡುದಾರಿಯ ಮೋಟೆಬೆನ್ನೂರಿನಲ್ಲೇ ಇಳಿದುಬಿಟ್ಟಳೇ? ಹೆದ್ದಾರಿಯ ಲಾರಿಗಳು ಕಣ್ಣ ಮುಂದೆ ಬಂದವು. ಧೈರ್ಯ ಕಲಿಸಲು ಹೋಗಿ ಮಗುವನ್ನು ಕಳೆದೆನೇ? ನಾನೂ ಬ್ಯಾಡಗಿ ಬಸ್ ಹತ್ತಿ ಕೂತೆ. ಬೆರಳು ಮಡಚಿದೆ; ಎಣಿಕೆ ತಪ್ಪಿತು.

ಮೋಟೆಬೆನ್ನೂರಿನಲ್ಲಿ ಫೋನ್ ಬಂತು. ತಾಯಿ.

"ತಪ್ಪಾತ್ರಿ ಅಕ್ಕಾರ. ಆಕಿನ್ನ ಸ್ಟ್ಯಾಂಡಿನಿಂದ ಕರ್ಕೊಂಡು ಸೀದಾ ಕೆಲಸಕ್ಕ ಬಂದೆ. ಮೆಣಸಿನಕಾಯಿ ಕೈಲೆ ಫೋನ್ ಹೆಂಗ ಮುಟ್ಲಿ? ಆಮ್ಯಾಲ ಅದನ್ನ ಕಿವಿಗೆ, ಮಾರಿಗೆ ಹಚ್ಚಬೇಕಲ್ರಿ. ಈಕಿನೂ ನನ್ನ ಬಾಜೂ ಕುಂತು ಬಿಡಸಾಕತ್ತಿದ್ಲು. ಈಗ ಎಣ್ಣಿ ಹಚ್ಚಿ ಕೈ ತೊಳಕೊಂಡೇವಿ."

ಕೆಲಸ ಮುಗಿಯುವವರೆಗೆ ತೊಟ್ಟು ಬಿಡಿಸುವ ಹೆಂಗಸರು ಫೋನಾಗಲಿ, ಕಣ್ಣಾಗಲಿ ಮುಟ್ಟುವುದಿಲ್ಲ. ಎಷ್ಟೋ ಸಲ ನೋಡಿದ್ದೆ. ಆದರೂ ಆ ಕೈಯಿಂದಲೇ ಮಿಸ್ಡ್ ಕಾಲ್ ಬೇಡಿದ್ದೆ.

ಹುಡುಗಿ ಫೋನ್ ಕಸಿದುಕೊಂಡಳು. "ಅಂಜಿದ್ರೇನ್ರಿ ಅಕ್ಕಾರ? ಬಟ್ಟು ಮಡಚಬೇಕಿತ್ತಲ್ರಿ!"

"ನೀ ಅಂಜಲಿಲ್ಲೇನು?"

"ಅಂಜಿದೆ. ಎರಡೂ ಕೈ ಬಟ್ಟು ಮುಗದು ಹೋದ್ವು. ಆಮ್ಯಾಲ ಕಂಡಕ್ಟರ್ ಮಾಮಾಗ, ನನ್ನ ಬಾಜೂ ನಿಂದರ್ರಿ ಅಂದೆ."

ಅದನ್ನು ನಾನು ಕಲಿಸಿರಲಿಲ್ಲ.

ಅಲ್ಲೇ ಇಳಿದು ತಿರುಗಿ ಬಂದೆ. ನಾಳೆ ಅವಳು ಹಾಗೆಯೇ ಒಬ್ಬಳೇ ವಾಪಸು ಬರಬೇಕು. ರಾತ್ರಿ ರೊಟ್ಟಿ, ಹೆಸರುಕಾಳಿನ ಪಲ್ಯ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಚಟ್ನಿ ಯಜಮಾನರಿಗಷ್ಟೇ ಬಡಿಸಿದೆ; ನನಗೆ ಅದು ಇವತ್ತು ಬೇಡವಾಗಿತ್ತು. ಅವರು ಮೊದಲು ಮಲಗಿದರು; ನಾನು ಬೆರಳು ಮಡಚುತ್ತ ಎಚ್ಚರವಿದ್ದೆ.