ಚೌಕುಳಿ ಹಾಳೆಯ ಅಂಚು

ಆ ಬುಧವಾರವೂ ನಾನು ಎಂದಿನಂತೆ ಐದೂವರೆಗೆ ಎದ್ದು ಹಾಲು ಕಾಯಲಿಟ್ಟು, ಬಾಗಿಲಿಗೆ ನೀರು ಹಾಕಿ, ರಂಗೋಲಿಯ ನಾಲ್ಕು ಎಳೆ ಎಳೆದು ಒಳಗೆ ಬಂದೆ. ಬುಧವಾರ ಮತ್ತು ಶನಿವಾರ ಯಜಮಾನರಿಗೆ ಮಿಲ್ಲಿಗೆ ಬುತ್ತಿ ಕಟ್ಟಬೇಕು, ಆ ಎರಡು ದಿನ ಮಧ್ಯಾಹ್ನ ನಾನು ಮನೆಯಲ್ಲಿರುವುದಿಲ್ಲ. ಆರು ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿಪುಡಿ. ಚಟ್ನಿಪುಡಿಯ ಡಬ್ಬದ ತಿರುಪು ಸವೆದಿತ್ತು. ಅದಕ್ಕೊಂದು ರಬ್ಬರ್ ಬ್ಯಾಂಡ್ ಹಾಕಿದೆ.

"ಇವತ್ತು ಪದ್ಯದ ಪಾಠನೋ, ಚಿತ್ರದ ಪಾಠನೋ?" ಎಂದು ಅವರು ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಕೇಳಿದರು.

"ಎರಡೂ ಒಂದೇ ರೀ."

"ಎರಡೂ ಒಂದೇ ಆದ್ರೆ ಒಂದೇ ದಿನ ಹೋದ್ರೆ ಸಾಕಲ್ಲ. ಇನ್ನೊಂದು ದಿನ ಬಿಸಿ ಊಟ ಸಿಕ್ತಿತ್ತು."

ಇದು ಅವರು ವಾರಕ್ಕೆರಡು ಸಲ ಮಾಡುವ ಹಾಸ್ಯ. ನಾನು ನಕ್ಕು ಚೀಲ ಹೆಗಲಿಗೆ ಹಾಕಿಕೊಂಡು ಚಳ್ಳಕೆರೆ ಬಸ್‌ಸ್ಟ್ಯಾಂಡಿಗೆ ನಡೆದೆ. ಮೊಳಕಾಲ್ಮೂರಿನ ಬಸ್ಸಿನಲ್ಲಿ ಎಡಗಡೆ ಕಿಟಕಿಯ ಸೀಟು ಸಿಕ್ಕಿತು. ದಾರಿಯಲ್ಲಿ ಸಿಗುವ ತಳಕು ಊರು ಇನ್ನೂ ಬಂದಿರಲಿಲ್ಲ, ಅಷ್ಟರಲ್ಲಿ ನಾನು ಪಾಠ ಹೇಳುವ ಶಾಲೆಯ ಹೆಡ್‌ಮಾಸ್ಟರ ಫೋನು ಬಂತು.

"ಮೇಡಂ, ಎಲ್ಲಿದ್ದೀರಿ? ಆ ಹುಡುಗಿ ಅಪ್ಪ ಬಂದು ಕೂತಾರೆ. ಮಗಳನ್ನ ಇನ್ಮೇಲೆ ನಿಮ್ಮ ಕ್ಲಾಸಿಗೆ ಕೂರ್ಸಲ್ಲ ಅಂತಾರೆ. ಏನೋ ಫೋಟೊ ವಿಷ್ಯ. ನೀವೇ ಬಂದು ಮಾತಾಡ್ರಿ."

ಯಾವ ಹುಡುಗಿ ಎಂದು ನಾನು ಕೇಳಲಿಲ್ಲ. ನಾನು ಫೋಟೊ ತೆಗೆದದ್ದು ಒಬ್ಬಳು ಬಿಡಿಸಿದ ಚಿತ್ರದ್ದು ಮಾತ್ರ.

ಆ ಹೆಡ್‌ಮಾಸ್ಟರು ನಮ್ಮ ಯಜಮಾನರ ಜೊತೆ ಓದಿದವರು. ಅವರ ಹೈಸ್ಕೂಲಿನಲ್ಲಿ ಚಿತ್ರಕಲೆಯ ಮೇಷ್ಟ್ರ ಜಾಗ ಖಾಲಿಯಿತ್ತು. "ಮನೇಲಿ ಸುಮ್ನೆ ಇರ್ತೀರಲ್ಲ, ಮಕ್ಕಳಿಗೆ ಏನಾದ್ರೂ ಬಿಡಿಸಾಕೆ ಹೇಳಿಕೊಡ್ರಿ" ಎಂದಿದ್ದರು. ಮನೆಯಲ್ಲಿ ಯಾರೂ ಸುಮ್ಮನೆ ಇರುವುದಿಲ್ಲ ಎಂದು ಹೇಳಬೇಕೆನಿಸಿದರೂ, ಆ ಕೆಲಸದ ಆಸೆಗೆ ಬಾಯಿ ಮುಚ್ಚಿಕೊಂಡು ಒಪ್ಪಿದೆ. ನಾನು ಕಲಿಸಲು ಓದಿದವಳಲ್ಲ. ನನಗಿದ್ದದ್ದು ನಾನು ಓದಿದ ಕಾನ್ವೆಂಟಿನ ಒಂದು ನೆನಪು. ಅಲ್ಲಿ ಒಬ್ಬ ಸಿಸ್ಟರ್ ಹೊಲಿಗೆಯ ತರಗತಿಯಲ್ಲೇ ಪದ್ಯವನ್ನೂ ಹೇಳಿಕೊಡುತ್ತಿದ್ದರು. ನಾವು ಕರ್ಚೀಫಿನ ಅಂಚು ಮಡಿಚಿ ಹೊಲಿಯುವಾಗ ಅವರು ನಡೆದಾಡುತ್ತ ಓದುವರು. ಕೊನೆಯ ಹತ್ತು ನಿಮಿಷ ನಮ್ಮ ಕೈ ಆವತ್ತು ಮಾಡಿದ್ದನ್ನು ನಾವೇ ಬರೆಯಬೇಕು. ಅವರು ಓದುತ್ತಿದ್ದ ಇಂಗ್ಲಿಷ್ ಪದ್ಯಗಳಲ್ಲಿ ಬರುವ ಹೂಗಳನ್ನು ನಾವು ಯಾರೂ ನೋಡಿರಲಿಲ್ಲ. ಆದರೂ ನನಗೆ ಬರೆಯುವುದು ಬಂದದ್ದು ಆ ಹತ್ತು ನಿಮಿಷಗಳಿಂದ.

ಹಾಗಾಗಿ ನಾನೂ ಒಂಬತ್ತನೆಯ ತರಗತಿಗೆ ಅದನ್ನೇ ಮಾಡಿಸಿದೆ. ಒಂದು ಪದ್ಯ ಓದುವುದು, ಒಂದು ಚಿತ್ರ ಬಿಡಿಸುವುದು, ಅದರ ಕೆಳಗೆ ನಾಲ್ಕು ಸಾಲು ಬರೆಯುವುದು. ಪುಸ್ತಕಗಳನ್ನು ಮಕ್ಕಳೇ ಹೊಲಿದುಕೊಂಡರು. ಹಿಂದಿನ ವರ್ಷದ ನೋಟುಪುಸ್ತಕಗಳಲ್ಲಿ ಉಳಿದಿದ್ದ ಖಾಲಿ ಹಾಳೆಗಳನ್ನು ಜೋಡಿಜೋಡಿಯಾಗಿ ಬಿಡಿಸಿ, ಮಡಿಚಿ, ನಡುವೆ ದಾರ ಹಾಕಿದರು. ಒಂದು ಪುಟ ಗೆರೆಯದು, ಒಂದು ಪುಟ ಬಿಳಿಯದು, ಮತ್ತೊಂದು ಗಣಿತದ ಚೌಕುಳಿಯದು, ಹೀಗೆ.

ಆ ಹುಡುಗಿ ಮೂರನೆಯ ಬೆಂಚಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದಳು. ನೇಕಾರರ ಮನೆಯವಳು. ಶಾಲೆಗೆ ಬರುವ ಮೊದಲು ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತಿ ಬರುತ್ತಿದ್ದಳೆಂದು ಅವಳ ತೋರುಬೆರಳು ನೋಡಿದರೆ ತಿಳಿಯುತ್ತಿತ್ತು, ರೇಷ್ಮೆ ಎಳೆ ಹಾದು ಹಾದು ಅಲ್ಲೊಂದು ಸಣ್ಣ ಗೆರೆ ಬಿದ್ದಿತ್ತು. ಮೊದಲ ಎರಡು ತಿಂಗಳು ಅವಳು ಚಿತ್ರ ಬಿಡಿಸಿದಳೇ ಹೊರತು ಒಂದಕ್ಷರ ಬರೆಯಲಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕೇಳಿದರೆ "ಬರಲ್ಲ ಮೇಡಂ" ಎಂದು ನೆಲ ನೋಡುವಳು.

ಆಮೇಲೊಂದು ದಿನ ನಾನು ಮಕ್ಕಳಿಗೆ ಹೇಳಿದೆ, "ನಿಮ್ಮ ಮನೆಯಲ್ಲಿರುವ, ಹೊರಗಿನವರು ಯಾರೂ ನೋಡಿರದ ಒಂದು ವಸ್ತುವನ್ನು ಕಣ್ಣಲ್ಲಿ ತುಂಬಿಕೊಂಡು ಬನ್ನಿ. ನೋಡಿದ್ದನ್ನು ನೋಡಿದ ಹಾಗೆಯೇ ಬಿಡಿಸಿ." ಒಬ್ಬಳು ಅಜ್ಜನ ನಶ್ಯದ ಡಬ್ಬಿ ಬಿಡಿಸಿದಳು. ಇನ್ನೊಬ್ಬಳು ನಾಲಿಗೆ ಬಿದ್ದುಹೋದ ಕುರಿಗಂಟೆ. ಇವಳು ಚೌಕುಳಿ ಹಾಳೆಯ ಮೇಲೆ ಒಂದು ಸೀರೆಯ ಅಂಚು ಬಿಡಿಸಿದಳು. ಒಂದು ಜೋಳದ ತೆನೆ ಮೇಲ್ಮುಖ, ಒಂದು ಕೆಳಮುಖ, ಎರಡರ ನಡುವೆ ಕಾಳು ಕುಕ್ಕುವ ಪುಟ್ಟ ಹಕ್ಕಿ. ಒಂದೊಂದು ಚೌಕವನ್ನೂ ಎಣಿಸಿ ಬಣ್ಣ ತುಂಬಿದ್ದಳು. ಅದರ ಕೆಳಗೆ ಮೊದಲ ಬಾರಿಗೆ ಬರೆದಿದ್ದಳು: "ಮಗ್ಗ ನಿಂತರೂ ಅಪ್ಪನ ಕಾಲು ನಿಲ್ಲುವುದಿಲ್ಲ. ಮಲಗಿದಾಗಲೂ ತುಳಿಯುತ್ತದೆ. ನಾನು ಹೊದಿಸಿದ ಕಂಬಳಿ ಬೆಳಿಗ್ಗೆ ಕೆಳಗೆ ಬಿದ್ದಿರುತ್ತದೆ."

ನಾನು ಅದನ್ನು ಮೂರು ಸಲ ಓದಿದೆ. ಪಕ್ಕದವಳು ಬಗ್ಗಿ ನೋಡಿದಾಗ ಈ ಹುಡುಗಿ ಪುಸ್ತಕವನ್ನು ಮಗುಚಿ ಇಟ್ಟಳು. ಅದನ್ನು ನಾನು ಗಮನಿಸಿದೆ. ನಾಚಿಕೆ ಎಂದುಕೊಂಡೆ. ಆ ನಾಚಿಕೆಯನ್ನು ಬಿಡಿಸಬೇಕೆಂದೇ ಫೋಟೊ ತೆಗೆದು ನನ್ನ ಸ್ಟೇಟಸ್ಸಿಗೆ ಹಾಕಿದೆ. ಶಾಲೆಯ ಪೋಷಕರ ಗ್ರೂಪಿಗೂ ಕಳಿಸಿದೆ. ಒಂದು ತಿಂಗಳ ಹಿಂದಿನ ಮಾತು ಅದು.

ಶಾಲೆ ತಲುಪಿದಾಗ ಅವಳ ಅಪ್ಪ ಹೆಡ್‌ಮಾಸ್ಟರ ಕೋಣೆಯಲ್ಲಿ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಬಿಳಿ ಅಂಗಿ, ಇಸ್ತ್ರಿಯ ಗೆರೆ ಹಾಗೇ ಇತ್ತು. ಜಗಳಕ್ಕೆ ಬಂದವರ ಬಟ್ಟೆಯಲ್ಲ. ನನ್ನನ್ನು ನೋಡಿ ಎದ್ದು ನಿಂತರು.

"ಜಗಳಕ್ಕೆ ಬಂದಿಲ್ಲ ಮೇಡಂ. ನಮ್ ಅಂಚು ನಿಮ್ ಫೋನ್ನಾಗೆ ಐತಂತೆ. ಒಂದ್ಸಲ ತೋರಿಸ್ರಿ."

ತೋರಿಸಿದೆ. ಅವರು ಫೋನನ್ನು ಕೈಗೆ ತೆಗೆದುಕೊಳ್ಳದೆ, ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು.

"ಚೆಂದಾಗೇ ಬಿಡಿಸ್ಯಾಳೆ" ಎಂದರು. "ಒಂದು ಮನೆ ತಪ್ಪಿಲ್ಲ."

ಚೌಕಕ್ಕೆ ಅವರು ಮನೆ ಎನ್ನುತ್ತಾರೆ. ನೇಯುವ ಮೊದಲು ಅವರೂ ಅಂಚನ್ನು ಬರೆಯುವುದು ಚೌಕುಳಿ ಹಾಳೆಯ ಮೇಲೆಯೇ. ಒಂದು ಮನೆಗೆ ಇಷ್ಟು ಎಳೆ ಎಂದು ಎಣಿಸಿ ಮಗ್ಗಕ್ಕೆ ಏರಿಸುತ್ತಾರೆ. ಇದನ್ನು ಆಗ ಅವರ ಬಾಯಿಂದ ಕೇಳುವವರೆಗೂ ನನಗೆ ಗೊತ್ತಿರಲಿಲ್ಲ.

"ಹೂವೋ ಹಕ್ಕಿನೋ ಸುಮ್ನೆ ಗೀಚಿದ್ರೆ ಏನೂ ಆಗ್ತಿರ್ಲಿಲ್ಲ ಮೇಡಂ. ಇದನ್ನ ಯಾವ ನೇಕಾರ ನೋಡಿದ್ರೂ ಓದ್ಕಂಬಿಡ್ತಾನೆ. ಪವರ್‌ಲೂಮಿನವ್ರು ಓದ್ಕಂಡ್ರು. ನಿನ್ನೆ ಪ್ಯಾಟೆನಾಗೆ ಅಂಗಡಿ ಮುಂದೆ ಅದೇ ಅಂಚಿನ ಸೀರೆ ತೂಗಾಕ್ಯಾರೆ. ನಮ್ದು ಇನ್ನೂ ಮಗ್ಗದ ಮ್ಯಾಲೇ ಐತೆ."

ಅವರ ಮನೆಯಲ್ಲಿ ಹೊಸ ಅಂಚಿನ ಮೊದಲ ಸೀರೆ ಮಗ್ಗದಿಂದ ಇಳಿದು ಅಮ್ಮನವರ ಮುಂದೆ ಇಟ್ಟು ಪೂಜೆಯಾಗುವವರೆಗೆ ಹೊರಗಿನವರ ಕಣ್ಣಿಗೆ ಬೀಳಬಾರದಂತೆ. ಯಾರಾದರೂ ಬಾಗಿಲಿಗೆ ಬಂದರೆ ಮಗ್ಗದ ಮೇಲೆ ಹಳೇ ಪಂಚೆ ಹೊದಿಸುತ್ತಾರಂತೆ. ಆ ಅಂಚನ್ನು ಯೋಚಿಸಿ ಬರೆದು ಮಗ್ಗಕ್ಕೆ ಏರಿಸಲು ಅವರಿಗೆ ಒಂದು ವರ್ಷ ಹಿಡಿದಿತ್ತು.

ಹೊರಗಿನವರು ಯಾರೂ ನೋಡಿರದ ವಸ್ತು ಎಂದು ನಾನೇ ಹೇಳಿದ್ದೆ. ಅವಳು ನನ್ನ ಮಾತನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದ್ದಳು.

"ತಪ್ಪು ನಂದು. ಅವಳದೇನೂ ಇಲ್ಲ" ಎಂದೆ.

"ಅವಳಿಗೆ ಗೊತ್ತಿತ್ತು ಮೇಡಂ. ಹುಟ್ಟಿದಾಗಿಂದ ಪಂಚೆ ಹೊದಿಸೋದು ನೋಡ್ಯಾಳೆ."

"ಆದ್ರೆ ಅವಳು ಬರೆದಿದ್ದು ಓದಿದ್ರಾ? ಕೆಳಗೆ ನಾಲ್ಕು ಸಾಲು ಇದೆ."

"ಈಗ ಫೋಟೊದಾಗೆ ಓದಿದೆ." ಅವರು ಬಾಗಿಲ ಕಡೆ ನೋಡಿದರು. "ಊರಿನವ್ರೂ ಓದ್ಯಾರೆ. ನಿನ್ ಕಾಲು ನಿಲ್ಲಲ್ವಂತಲ್ಲೋ ಅಂತ ಟೀ ಅಂಗ್ಡಿನಾಗೆ ನಗ್ತಾರೆ."

ಹೆಡ್‌ಮಾಸ್ಟರು ಪೇಪರ್‌ವೆಯ್ಟ್ ತಿರುಗಿಸುತ್ತ ಕೂತಿದ್ದರು. ನಾನು ಫೋಟೊ ಅಳಿಸಿ, ಅಳಿಸಿದ್ದನ್ನು ಅವರಿಗೆ ತೋರಿಸಿದೆ. ತೋರಿಸುವಾಗಲೇ ಅದರಿಂದ ಏನೂ ಆಗುವುದಿಲ್ಲವೆಂದು ನಮಗಿಬ್ಬರಿಗೂ ತಿಳಿದಿತ್ತು. ಅವರು ಮಾತ್ರ ದೊಡ್ಡ ಮನಸ್ಸಿನಿಂದ "ಆತು" ಎಂದರು.

ಮಗಳನ್ನು ಕರೆಸಿದರು. ಅವಳು ಬಂದು ಬಾಗಿಲ ಚೌಕಟ್ಟಿಗೆ ಒರಗಿದಳು. ಅಪ್ಪ ಮೆಲ್ಲಗೆ, "ಪುಸ್ತಕಂ ತೀಸುಕುನಿ ರಾ" ಎಂದರು. ಅವಳು ಹೋಗಿ ಪುಸ್ತಕ ತಂದಳು. ಹರಿದು ಎಸೆಯುತ್ತಾರೇನೋ ಎಂದು ನಾನು ಹೆದರಿದ್ದೆ. ಅವರು ಮೇಜಿನ ಮೇಲೆ ಪುಸ್ತಕವನ್ನು ಅಗಲಿಸಿ, ನಡುವಿನ ಗಂಟನ್ನು ಉಗುರಿನ ತುದಿಯಿಂದ ಸಡಿಲಿಸಿ, ದಾರವನ್ನು ಒಂದೊಂದೇ ತೂತಿನಿಂದ ಹಿಂದಕ್ಕೆ ಎಳೆದರು. ಚೌಕುಳಿ ಹಾಳೆಯನ್ನು ಈಚೆಗೆ ತೆಗೆದರು. ಮಿಕ್ಕ ಹಾಳೆಗಳನ್ನು ಕುಟ್ಟಿ ಸಮ ಮಾಡಿ, ಅವೇ ತೂತುಗಳಲ್ಲಿ ದಾರ ಪೋಣಿಸಿ, ಮೊದಲಿಗಿಂತ ಗಟ್ಟಿಯಾಗಿ ಗಂಟು ಹಾಕಿದರು.

ಹಾಳೆ ಜೋಡಿಯದಾಗಿತ್ತು. ಅಂಚಿನ ಜೊತೆಗೆ ಮಡಿಕೆಯ ಆಚೆಯ ಅರ್ಧವೂ ಹೊರಗೆ ಬಂದಿತು. ಅದರ ಮೇಲೆ ಅವಳು ಹಿಂದಿನ ಶನಿವಾರ ಅವ್ವನ ಬಗ್ಗೆ ಬರೆಯತೊಡಗಿದ್ದಳು. ಒಂಬತ್ತು ಸಾಲಾಗಿತ್ತು, ಮುಗಿದಿರಲಿಲ್ಲ. ಈ ಬುಧವಾರ ಮುಗಿಸುತ್ತೇನೆ ಎಂದಿದ್ದಳು. ಅವಳೂ ಅದನ್ನು ನೋಡಿದಳು, ನಾನೂ ನೋಡಿದೆ. ಆ ಅರ್ಧ ಹಾಳೆಯನ್ನು ಕೊಟ್ಟುಹೋಗಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳಲಿ? ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.

"ಕನ್ನಡ, ಗಣಿತ, ಎಲ್ಲಾ ಓದ್ಲಿ. ಈ ಪೀರಿಯಡ್ನಾಗೆ ಮಾತ್ರ ಹೊರಗೆ ಕೂತ್ಕಂಡು ಬೇರೆ ಪಾಠ ಓದ್ಕಂತಾಳೆ. ನೀವು ಬೇಜಾರು ಮಾಡ್ಕಬ್ಯಾಡ್ರಿ."

"ಮನೆ ಬಗ್ಗೆ ಬರೆಸೋದಿಲ್ಲ. ಬೇರೆ ಏನಾದ್ರೂ ಬರೀಲಿ. ಫೋಟೊನೂ ತೆಗೆಯೋದಿಲ್ಲ."

"ಬ್ಯಾಡ ಮೇಡಂ."

"ನಾನೇನ್ ಮಾಡ್ಲಿ ಹೇಳ್ರಿ, ನೀವು ಹೇಳಿದ್ದು ಮಾಡ್ತೀನಿ."

ಅವರು ಸ್ವಲ್ಪ ಯೋಚಿಸಿದರು, ನಿಜವಾಗಿಯೂ ಏನಾದರೂ ಹೊಳೆಯುತ್ತದೆಯೋ ನೋಡೋಣ ಎಂಬಂತೆ. ಆಮೇಲೆ, "ನೀವು ಮಾಡಾಕೆ ಏನೂ ಉಳಿದಿಲ್ಲ" ಎಂದು ಕೈಮುಗಿದು ಹೊರಟರು.

ಅವರು ಗೇಟು ದಾಟಿದ ಮೇಲೆ ಹೆಡ್‌ಮಾಸ್ಟರು ಹೇಳಿದರು, "ಹೂದಾನಿ ಬಿಡಿಸ್ರಿ ಅಂದಿದ್ರೆ ಯಾರೂ ಬರ್ತಿರ್ಲಿಲ್ಲ ನೋಡ್ರಿ." ಬೈದದ್ದಲ್ಲ. ಅವರ ಧ್ವನಿಯಲ್ಲಿ ನನಗೆ ಸಮಾಧಾನ ಹೇಳುವ ಪ್ರಯತ್ನವೇ ಇತ್ತು.

ತರಗತಿಗೆ ಹೋದೆ. ಮೂರನೆಯ ಬೆಂಚಿನ ಕಿಟಕಿಯ ಪಕ್ಕ ಖಾಲಿ. ಅವಳು ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ನಮ್ಮ ಕಡೆ ಬೆನ್ನು ಮಾಡಿ ಕೂತು ವಿಜ್ಞಾನದ ಪುಸ್ತಕ ತೆರೆದಿದ್ದಳು. ಗಾಳಿಗೆ ಹಾಳೆ ಮಗುಚಿದಾಗ ಅವಳು ತಿರುಗಿಸಿಕೊಳ್ಳಲಿಲ್ಲ. ಮಕ್ಕಳಿಗೆ ಆಗಲೇ ಎಲ್ಲ ಗೊತ್ತಿತ್ತು. ಅಲ್ಲಿ ಅರ್ಧಕ್ಕರ್ಧ ನೇಕಾರರ ಮಕ್ಕಳೇ.

"ಏನ್ ಬಿಡಿಸಾಣ ಮೇಡಂ?" ಎಂದು ಒಬ್ಬಳು ಕೇಳಿದಳು.

"ನಿಮಗೆ ಇಷ್ಟವಾದದ್ದು."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಪೆನ್ಸಿಲ್ಲುಗಳ ಸದ್ದು ಶುರುವಾಯಿತು. ಅರ್ಧ ಗಂಟೆಯ ನಂತರ ಬೆಂಚುಗಳ ನಡುವೆ ನಡೆದು ನೋಡಿದೆ. ಎಲ್ಲರ ಹಾಳೆಯಲ್ಲೂ ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಕೆಳಗೆ ಒಂದು ಹೊಳೆ, ಪಕ್ಕದಲ್ಲೊಂದು ತೆಂಗಿನಮರ. ನಶ್ಯದ ಡಬ್ಬಿ ಬಿಡಿಸಿದವಳದ್ದೂ ಅದೇ, ಕುರಿಗಂಟೆ ಬಿಡಿಸಿದವಳದ್ದೂ ಅದೇ. ಕೆಳಗೆ ಬರೆದದ್ದು, "ಪ್ರಕೃತಿ ಸುಂದರವಾಗಿದೆ." ಒಂದು ಹೊಳೆಯೂ ಇಲ್ಲದ ಊರಿನಲ್ಲಿ ಮೂವತ್ತು ಹೊಳೆ ಹರಿದವು. ಚೆನ್ನಾಗಿದೆ ಎಂದೆ. ಎಲ್ಲರ ಹಾಳೆಗೂ ಸಹಿ ಮಾಡಿದೆ.

ಬೆಲ್ಲು ಹೊಡೆದ ಮೇಲೆ ಕಟ್ಟೆಯ ಹತ್ತಿರ ಹೋದೆ. ಅವಳು ಎದ್ದು ನಿಂತಳು. ಅತ್ತಿರಲಿಲ್ಲ.

"ಅವ್ವನ ಬಗ್ಗೆ ಬರೆದಿದ್ದೆಯಲ್ಲ, ನೆನಪಿದೆಯಾ?" ಎಂದು ಕೇಳಿದೆ.

"ಐತೆ ಮೇಡಂ."

"ಮತ್ತೆ ಬರೀತೀಯಾ?"

ಅವಳು ತೋರುಬೆರಳಿನ ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜಿದಳು. "ಬರಲ್ಲ ಮೇಡಂ" ಎಂದಳು. ಮೊದಲ ಎರಡು ತಿಂಗಳು ಹೇಳುತ್ತಿದ್ದ ಅದೇ ಧ್ವನಿಯಲ್ಲಿ, ಅಷ್ಟೇ ಮರ್ಯಾದೆಯಿಂದ ಹೇಳಿ ಒಳಗೆ ಹೋದಳು.

ಮಧ್ಯಾಹ್ನದ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಆ ಒಂಬತ್ತು ಸಾಲನ್ನು ನೆನಪಿಸಿಕೊಳ್ಳಲು ನೋಡಿದೆ. ಎರಡು ನೆನಪಾದವು, ಮೂರನೆಯದು ಅವಳದ್ದೋ ನಾನೇ ಸೇರಿಸಿಕೊಂಡದ್ದೋ ತಿಳಿಯಲಿಲ್ಲ. ಮನೆಗೆ ಬಂದು ಸೀರೆಯನ್ನೂ ಬದಲಿಸದೆ ಪಾತ್ರೆ ತೊಳೆದೆ, ಅಕ್ಕಿ ಆರಿಸಿದೆ. ಸಂಜೆ ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದಾಗ ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆ ಸೊಪ್ಪು ಬಿಡಿಸುತ್ತ ಕೂತಿದ್ದರು. ಅವರಿಗೆ ಏನೂ ಗೊತ್ತಿರಲಿಲ್ಲ. ತಲೆ ಎತ್ತದೆ, ಕಡ್ಡಿಗಳನ್ನು ಒಂದು ಕಡೆ ಸರಿಸುತ್ತ ಅವರು ಹೇಳಿದರು:

"ಏನ್ರಿ ಇತ್ತೀಚೆಗೆ ಸ್ಟೇಟಸ್ಸೇ ಹಾಕ್ತಿಲ್ಲ ನೀವು. ಆ ತೆನೆ ಹಕ್ಕಿ ಅಂಚು ಚೆಂದಿತ್ತು ನೋಡ್ರಿ, ನಮ್ ತಂಗಿಗೂ ಕಳಿಸಿದ್ದೆ, ಅವಳು ಇನ್ಯಾರ್‍ಯಾರಿಗೋ ಕಳಿಸಿದ್ಲಂತೆ. ಆ ಹುಡುಗಿ ಅಂಥಾದ್ದು ಇನ್ನೊಂದು ಬಿಡಿಸಿದ್ರೆ ಹಾಕ್ರಿ."